ಕೇಳಿದಾಗ ಬಿಚ್ಚುವ ಗಂಟು

ಗುಂಡಿ ಮತ್ತೆ ಮೇಜಿನ ಅಂಚಿಗೆ ತಾಗಿತು, ಟಕ್, ಸ್ವೆಟರಿನ ಮಧ್ಯದ ಗುಂಡಿ, ಒಂದೇ ಎಳೆಯ ಮೇಲೆ ಜೀವ ಹಿಡಿದುಕೊಂಡಿದೆ, ಕೀಬೋರ್ಡಿನ ಕಡೆ ಬಾಗಿದಾಗಲೆಲ್ಲ ಟಕ್, ಬೆಳಿಗ್ಗೆ ಮನೆ ಬಿಡುವಾಗಲೇ ಕಂಡಿತ್ತು, ಆಮೇಲೆ ಹೊಲಿದರಾಯಿತು ಎಂದುಕೊಂಡೆ, ಆಮೇಲೆ ಎನ್ನುವುದು ನನ್ನ ಮಟ್ಟಿಗೆ ಸೋಮಾರಿತನವಲ್ಲ, ಕಸುಬು, ಇಷ್ಟು ವರ್ಷ ಅದರಲ್ಲೇ ಅನ್ನ ಹುಟ್ಟಿದೆ — ಬೇಕು ಎಂದು ಯಾರಾದರೂ ಕೇಳುವ ತನಕ ಲೆಕ್ಕ ಹಾಕಬೇಡ, ಹಾಕದೆ ಕಟ್ಟಿಡು, ಕೇಳಿದಾಗ ಬಿಚ್ಚು, ಇಷ್ಟೇ, ಇದನ್ನು ಯಂತ್ರಕ್ಕೆ ಒಪ್ಪಿಸುವುದು ಮಾತ್ರ ಕಷ್ಟ, ಯಂತ್ರಕ್ಕೆ ಆತುರ, ಎದುರಿಗೆ ಇಟ್ಟದ್ದನ್ನೆಲ್ಲ ಇಟ್ಟ ಕೂಡಲೇ ಮಾಡಿ ಮುಗಿಸುವ ಚಟ, ತೆರೆಯ ಮೇಲೆ ಬ್ರಾಕೆಟ್ಟುಗಳು ಒಂದರೊಳಗೆ ಒಂದು, ಕೊನೆಯ ಸಾಲಿನಲ್ಲಿ ಮುಚ್ಚುವ ಬ್ರಾಕೆಟ್ಟುಗಳದ್ದೇ ಸಾಲು, ಬೆನ್ನ ಹಿಂದೆ ಸೆಂಟಿನ ವಾಸನೆ, ಗಡಿಯಾರ ಬಂದು ನಿಂತಿದ್ದಾನೆ, ನಮ್ಮ ಮ್ಯಾನೇಜರ್, ಅವನಿಗೆ ಬರುವುದು ಒಂದೇ ಪ್ರಶ್ನೆಯಾದ್ದರಿಂದ ಆ ಹೆಸರು, ಎಷ್ಟೊತ್ತಾಗತ್ತೆ ಮೇಡಂ, ಸಂಜೆಯೊಳಗೆ ಆಗತ್ತೆ ಎಂದೆ, ಸಂಜೆ ಅಂದ್ರೆ ಎಷ್ಟೊತ್ತಿಗೆ, ಸೂರ್ಯ ಮುಳುಗೋ ಹೊತ್ತಿಗೆ ಎಂದೆ, ನಗಲಿಲ್ಲ, ಹೋದ. ಮೂರು ಗಂಟೆಗೆ ಅಕ್ಕ ಕ್ಲಿನಿಕ್ಕಿನ ಆ ಕೋಣೆಯೊಳಗೆ ಹೋಗಬೇಕು. ಅದಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ.

ಇವತ್ತು ಬೆಳಿಗ್ಗೆ ಆದ ಅನಾಹುತ ಇಷ್ಟು, ಗೋದಾಮುಗಳ ಸೂರಿಗೆ ಹೊಗೆ ಹಿಡಿಯುವ ಡಬ್ಬಿ ಹಾಕಿರುತ್ತಾರಲ್ಲ, ಅದರ ಮಾತು ಕೇಳಿ ಏನು ಮಾಡಬೇಕೆಂದು ಹೇಳುವುದು ನಮ್ಮ ಪ್ರೋಗ್ರಾಮು, ಹೊಗೆ ನಿಜವಾದರೆ ಮೇಲಿನಿಂದ ನೀರು ಬಿಡು, ಅನುಮಾನವಾದರೆ ಕಾವಲುಗಾರನಿಗೆ ಫೋನು ಮಾಡಿ ನೋಡಿ ಬಾ ಎನ್ನು, ಎರಡರಲ್ಲಿ ಒಂದು, ಎರಡೂ ಅಲ್ಲ, ಇದನ್ನು ನಾನು ಬರೆದಾಗ ನಡುವೆ ಒಂದು ಮ್ಯಾಕ್ರೋ ಇಟ್ಟಿದ್ದೆ, ಎರಡು ಸಾಲಿನದ್ದು, ಅದರ ಕೆಲಸ ಏನೆಂದರೆ ನೀರನ್ನೂ ಫೋನನ್ನೂ ಬೇರೆ ಬೇರೆ ಗಂಟು ಕಟ್ಟಿ, ನಿರ್ಧಾರ ಮಾಡುವ ಫಂಕ್ಷನ್ನಿನ ಕೈಗೆ ಕೊಡುವುದು, ಅಷ್ಟೇ, ತಾನಾಗಿ ಏನೂ ಮಾಡುವುದಿಲ್ಲ — ಅದೇ ನಮ್ಮ ಮೇಷ್ಟ್ರ ಕಣ್ಣಿಗೆ ಚುಚ್ಚಿತು, ಗಣಿತದ ಮೇಷ್ಟ್ರಾಗಿದ್ದು ಬೇಸತ್ತು ನಡುವಯಸ್ಸಿನಲ್ಲಿ ಈ ಕೆಲಸಕ್ಕೆ ಬಂದವರು, ಮೇಜಿನ ಮೇಲೆ ಪೆನ್ನು ಓರೆಯಾಗಿ ಬಿದ್ದಿದ್ದರೂ ನೇರ ಮಾಡದೆ ಕೂರುವುದಿಲ್ಲ, ಈ ಮಧ್ಯವರ್ತಿ ಯಾಕೆ, ನೇರವಾಗಿ ಫಂಕ್ಷನ್ನಿಗೇ ಕೊಟ್ಟರಾಯಿತಲ್ಲ ಎಂದು ಮ್ಯಾಕ್ರೋ ಕಿತ್ತು ಹಾಕಿದರು, ಪರೀಕ್ಷೆ ಮಾಡಿ ನೋಡಿದರು, ಉತ್ತರ ಸರಿಯಾಗಿಯೇ ಬಂತು, ಬರದೆ ಏನು, ಪರೀಕ್ಷೆಯಲ್ಲಿ ನೀರು ಎಂದರೆ ನೀರು ಎಂಬ ಅಕ್ಷರ, ಫೋನು ಎಂದರೆ ಫೋನು ಎಂಬ ಅಕ್ಷರ, ಅಕ್ಷರದಿಂದ ಯಾರೂ ನೆನೆಯುವುದಿಲ್ಲ. ಬೆಳಿಗ್ಗೆ ಯಾವುದೋ ಬಟ್ಟೆ ಗೋದಾಮಿನಲ್ಲಿ ಧೂಳು ಎದ್ದು ಡಬ್ಬಿಗೆ ಅನುಮಾನ ಬಂದಿದೆ, ಫೋನೂ ಹೋಗಿದೆ, ನೀರೂ ಬಿದ್ದಿದೆ, ಕಾವಲುಗಾರ ಫೋನು ಎತ್ತಿಕೊಂಡು ತಣ್ಣಗೆ ಹೇಳಿದನಂತೆ, ಹೊಗೆ ಗಿಗೆ ಏನಿಲ್ಲ ಸಾರ್, ಮಳೆ ಬರ್ತಿದೆ, ಒಳಗಡೆ.

ಮೇಷ್ಟ್ರು ಈಗ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾರೆ, ಬೆಳಗಿನಿಂದ ನೀರೂ ಕುಡಿದಿಲ್ಲ, ಕುಡಿಯಿರಿ ಎಂದರೆ ನೀರು ಎನ್ನುವ ಮಾತಿಗೇ ಮುಖ ಸಣ್ಣದಾಗುತ್ತದೆ, ಉತ್ತರ ಸರಿ ಇತ್ತಲ್ಲ ಮೇಡಂ ಎನ್ನುತ್ತಾರೆ, ಸರಿ ಇತ್ತು ಮೇಷ್ಟ್ರೇ, ಉತ್ತರ ಸರಿ, ಹೊತ್ತು ತಪ್ಪು, ಫಂಕ್ಷನ್ನಿನ ಸ್ವಭಾವ ಅದು, ಅದರ ಕೈಗೆ ಏನು ಕೊಟ್ಟರೂ ಒಳಗೆ ಹೋಗುವ ಮೊದಲೇ, ಬಾಗಿಲಲ್ಲೇ, ಯಂತ್ರ ಎಲ್ಲವನ್ನೂ ಮಾಡಿ ಮುಗಿಸಿ ಉತ್ತರಗಳನ್ನು ಮಾತ್ರ ಒಳಗೆ ಕಳಿಸುತ್ತದೆ, ಒಳಗೆ ಕೂತ ಫಂಕ್ಷನ್ನು ಹೊಗೆ ನಿಜವೋ ಅಲ್ಲವೋ ಎಂದು ಗಂಭೀರವಾಗಿ ಯೋಚಿಸುವ ಹೊತ್ತಿಗೆ ಹೊರಗೆ ನೀರೂ ಬಿದ್ದಾಗಿದೆ ಫೋನೂ ಹೋಗಿಯಾಗಿದೆ, ಕೂಸು ಹುಟ್ಟುವ ಮುಂಚೆ ಕುಲಾವಿ, ನಮ್ಮಪ್ಪ ದರ್ಜಿ, ಈ ಗಾದೆ ಕೇಳಿದಾಗಲೆಲ್ಲ ನಗುತ್ತಿದ್ದರು, ಅವರಿಗೆ ಅದು ಗಾದೆ ಅಲ್ಲ, ಗಿರಾಕಿ, ಅಂಥವರು ನಿಜಕ್ಕೂ ಬರುತ್ತಿದ್ದರು. ಮ್ಯಾಕ್ರೋ ಹಾಗಲ್ಲ, ಅದಕ್ಕೆ ಉತ್ತರ ಬರುವುದಿಲ್ಲ, ಬರೆದ ಸಾಲೇ ಬರುತ್ತದೆ, ಇನ್ನೂ ಯಾರೂ ಮುಟ್ಟದ ಸಾಲು, ಅದನ್ನು ಹೆಸರಿಲ್ಲದ ಒಂದು ಪುಟ್ಟ ಫಂಕ್ಷನ್ನಿನ ಹೊಟ್ಟೆಯಲ್ಲಿ ಸುತ್ತಿ ಇಡುತ್ತದೆ, ಕರೆದರೆ ಮಾತ್ರ ಏಳುತ್ತದೆ, ಕರೆಯದಿದ್ದರೆ ಹಾಗೇ ಮಲಗಿರುತ್ತದೆ. ಮೇಷ್ಟ್ರು ತಲೆಯಾಡಿಸಿದರು, ಅರ್ಥವಾಯಿತೋ ಭಯವಾಯಿತೋ ತಿಳಿಯಲಿಲ್ಲ.

ಅಪ್ಪನ ಅಂಗಡಿ, ಒಂದು ಬಾಗಿಲು, ಒಂದು ಹೊಲಿಗೆ ಯಂತ್ರ, ಹಿಂದಿನ ಗೋಡೆಗೆ ಸೂರಿನ ತನಕ ಮರದ ಹಲಗೆಗಳು, ಹಲಗೆಯ ತುಂಬ ಗಂಟುಗಳು, ಗಿರಾಕಿ ಬಟ್ಟೆ ತಂದುಕೊಟ್ಟ ಕೂಡಲೇ ಅಪ್ಪ ಅಳತೆ ತೆಗೆದು ಚೀಟಿಯಲ್ಲಿ ಬರೆದು, ಆ ಬಣ್ಣಕ್ಕೆ ಹೊಂದುವ ದಾರ, ಗುಂಡಿ, ಎಲ್ಲವನ್ನೂ ಆ ಬಟ್ಟೆಯೊಳಗೇ ಇಟ್ಟು ಅದೇ ಬಟ್ಟೆಯ ಅಂಚಿನಿಂದ ಗಂಟು ಹಾಕಿ ಮೇಲಿಡುತ್ತಿದ್ದರು, ಕತ್ತರಿ ಹಾಕುತ್ತಿರಲಿಲ್ಲ, ಪಕ್ಕದ ರಸ್ತೆಯ ಟೈಲರು ಬಂದ ಬಟ್ಟೆಗೆಲ್ಲ ಬಂದ ದಿನವೇ ಕತ್ತರಿ ಹಾಕುತ್ತಿದ್ದ, ಗಿರಾಕಿ ಬೇರೆ ಕಡೆ ಹೋಗದಿರಲಿ ಎಂದು, ಅಪ್ಪ ಹೇಳುತ್ತಿದ್ದರು, ಜನ ದಪ್ಪ ಆಗ್ತಾರೆ, ಸಣ್ಣ ಆಗ್ತಾರೆ, ಮನಸ್ಸು ಬದಲಾಯಿಸ್ತಾರೆ, ಕೆಲವರು ಸತ್ತೇ ಹೋಗ್ತಾರೆ, ಕತ್ತರಿ ಹಾಕಿದ್ಮೇಲೆ ಬಟ್ಟೆ ಮತ್ತೆ ಬಟ್ಟೆ ಆಗಲ್ಲ. ಬೇಕು ಎಂದು ಗಿರಾಕಿ ಬಂದು ನಿಂತಾಗ ಗಂಟು ಇಳಿಯುತ್ತಿತ್ತು, ಬೇಕಾದದ್ದೆಲ್ಲ ಅದರೊಳಗೇ ಇರುತ್ತಿತ್ತು, ಬೇರೆ ಎಲ್ಲೂ ಹುಡುಕುವ ಹಾಗಿಲ್ಲ, ನಾನು ದೊಡ್ಡವಳಾಗಿ ಈ ಪ್ರೋಗ್ರಾಮಿನ ಭಾಷೆ ಕಲಿಯುವಾಗ ಪಾಠ ಹೇಳುವವನು ಬೋರ್ಡಿನ ಮೇಲೆ ಬರೆದ, ತಡೆದಿಟ್ಟ ಲೆಕ್ಕ ತಾನು ಹುಟ್ಟಿದ ಜಾಗದ ಹೆಸರುಗಳನ್ನೆಲ್ಲ ತನ್ನ ಜೊತೆಯಲ್ಲೇ ಒಯ್ಯುತ್ತದೆ, ಎಲ್ಲಿ ಬಿಚ್ಚಿದರೂ ಹುಟ್ಟಿದ ಜಾಗದ ಅಳತೆಯಲ್ಲೇ ಬಿಚ್ಚಿಕೊಳ್ಳುತ್ತದೆ, ಕ್ಲಾಸಿನಲ್ಲಿ ಯಾರಿಗೂ ಹೊಳೆಯಲಿಲ್ಲ, ನನಗೆ ಹಲಗೆ ಕಂಡಿತು, ಚೀಟಿ ಕಂಡಿತು, ಓ ಇದಾ ಎಂದೆ. ನನ್ನ ಮ್ಯಾಕ್ರೋವಿಗೆ ಕಟ್ಟು ಎಂದೂ ಫಂಕ್ಷನ್ನಿಗೆ ಬಿಚ್ಚು ಎಂದೂ ಹೆಸರಿಟ್ಟವಳು ನಾನೇ.

ಟಕ್. ಗುಂಡಿ. ಅಪ್ಪ ಇದ್ದಿದ್ದರೆ ಈ ಸ್ವೆಟರ್ ಹಾಕಿಕೊಂಡು ಹೊರಗೆ ಹೋಗಲು ಬಿಡುತ್ತಿರಲಿಲ್ಲ, ದರ್ಜಿ ಮಕ್ಕಳು ಗುಂಡಿ ಇಲ್ದೆ ಓಡಾಡಿದ್ರೆ ನನ್ನ ಅಂಗಡಿಗೆ ಯಾರು ಬರ್ತಾರೆ, ಗುಂಡಿಯನ್ನು ಅವರು ಕೈಯಲ್ಲೇ ಹೊಲಿಯುತ್ತಿದ್ದರು, ಯಂತ್ರದಲ್ಲಿ ಅಲ್ಲ, ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಎರಡು ಬೆರಳಲ್ಲಿ ತಿರುವಿ ಚೂಪು ಮಾಡಿ, ಸೂಜಿಯನ್ನು ಬೆಳಕಿಗೆ ಹಿಡಿದು — ಒಂದು ದಿನ ದಾರ ಹೋಗಲಿಲ್ಲ, ಮತ್ತೆ ಒದ್ದೆ ಮಾಡಿದರು, ಮತ್ತೆ ಹೋಗಲಿಲ್ಲ, ಸೂಜಿಯ ಕಣ್ಣಿನ ಮುಂದೆ ದಾರದ ಒದ್ದೆ ತುದಿ, ಎಡಕ್ಕೆ ಬಲಕ್ಕೆ, ಬಾಗಿಲು ಸಿಗದ ಹುಳದ ಹಾಗೆ, ನಾನೂ ಅಕ್ಕನೂ ಕಾಲ ಬಳಿ ಕೂತು ಚಿಂದಿ ಆರಿಸುತ್ತಿದ್ದೆವು, ಅಪ್ಪ ಸೂಜಿಯನ್ನು ನಮ್ಮ ಕಡೆ ಚಾಚಿದರು, ನೀನೇ ಪೋಣಿಸು, ನಂಗೆ ಕಣ್ಣು ಮಂಜು. ಅಲ್ಲಿಂದ ಅದು ನಮ್ಮ ಕೆಲಸವಾಯಿತು, ನಾ ಮೊದಲು ತಾ ಮೊದಲು ಎಂದು ಜಗಳ, ಬೆಳಿಗ್ಗೆ ಒಂದಷ್ಟು ಸೂಜಿಗಳಿಗೆ ದಾರ ಪೋಣಿಸಿ ಯಂತ್ರದ ಪಕ್ಕದ ದಿಂಬಿಗೆ ಚುಚ್ಚಿಟ್ಟು ಸ್ಕೂಲಿಗೆ ಹೋಗುವುದು, ಅಮ್ಮ ಕನ್ನಡಕ ಕೊಡಿಸಿದಳು, ಅದೇ ವರ್ಷ ಇನ್ನೊಂದು ಕೊಡಿಸಿದಳು, ಕಣ್ಣಿನ ಡಾಕ್ಟರು ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಣ್ಣು ಚೆನ್ನಾಗಿದೆಯಮ್ಮ, ಕೈ ತೋರಿಸಿ ಎಂದರಂತೆ. ಕೈ, ಆಮೇಲೆ ಭುಜ, ಆಮೇಲೆ ನಡಿಗೆ, ಆಮೇಲೆ ಸಿಟ್ಟು, ಆಮೇಲೆ ನಮ್ಮ ಹೆಸರು, ಒಂದೊಂದಾಗಿ ಅವರ ಹಿಡಿತ ತಪ್ಪಿತು, ಬೀದಿಯವರು ಕುಡಿಯುತ್ತಾನೆ ಎಂದರು, ಅಮ್ಮನೂ ಹೌದು, ಕುಡಿಯುತ್ತಾರೆ ಎಂದು ಒಪ್ಪಿಕೊಂಡಳು, ಅದು ಸುಲಭವಿತ್ತು, ನನಗೆ ಆಗ ಅಮ್ಮನ ಮೇಲೆ ಬಂದ ಕೋಪ ಈಗಲೂ ಪೂರ್ತಿ ಇಳಿದಿಲ್ಲ. ಹಲಗೆಯ ಮೇಲಿನ ಗಂಟುಗಳನ್ನು ಗಿರಾಕಿಗಳು ಒಬ್ಬೊಬ್ಬರಾಗಿ ಬಂದು ವಾಪಸು ತೆಗೆದುಕೊಂಡು ಹೋದರು, ಎಲ್ಲವೂ ಕತ್ತರಿ ಹಾಕದ ಬಟ್ಟೆ, ಒಬ್ಬರಿಗೂ ನಷ್ಟವಾಗಲಿಲ್ಲ.

ಅಪ್ಪನ ಈ ಕಾಯಿಲೆ ಹೆತ್ತವರಿಂದ ಮಕ್ಕಳಿಗೆ ಅರ್ಧಕ್ಕರ್ಧ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಮದ್ದು ಮಾತ್ರ ಇಲ್ಲವೇ ಇಲ್ಲ, ರಕ್ತ ಕೊಟ್ಟರೆ ಹೇಳುತ್ತಾರೆ, ಇಷ್ಟು ನನಗೂ ಅಕ್ಕನಿಗೂ ಬಹಳ ಕಾಲದಿಂದ ಗೊತ್ತು, ಇನ್ನೊಂದು ಸಂಗತಿಯನ್ನು ಡಾಕ್ಟರು ಹೇಳುವ ಮೊದಲೇ ನಾನು ಹೇಳಿಬಿಟ್ಟೆ, ನಾವು ಅವಳಿ, ಒಂದೇ ಮುಖ, ಒಂದೇ ಮೊಟ್ಟೆ ಒಡೆದು ಇಬ್ಬರಾದವರು, ಅವಳು ಸ್ವಲ್ಪ ಮೊದಲು ಬಂದಳು, ಅಪ್ಪ ಅವಳನ್ನು ತಲೆ ಎಂದೂ ನನ್ನನ್ನು ಬಾಲ ಎಂದೂ ಕರೆಯುತ್ತಿದ್ದರು, ಅಕ್ಕ ಈಗಲೂ ಬಾಲ ಎಂದೇ ಕರೆಯುತ್ತಾಳೆ, ಹಾಗಾಗಿ ರಕ್ತ ಒಬ್ಬಳು ಕೊಟ್ಟರೂ ಉತ್ತರ ಇಬ್ಬರದ್ದು. ಒಂದೇ ಗಂಟಿಗೆ ಎರಡು ಹೆಸರು, ಪ್ರೋಗ್ರಾಮಿನಲ್ಲಿ ಇದು ದಿನಾ ಆಗುವುದು, ಮೊದಲು ಕೇಳಿದವರಿಗಾಗಿ ಗಂಟು ಬಿಚ್ಚಿಕೊಳ್ಳುತ್ತದೆ, ಉತ್ತರ ಅದರೊಳಗೇ ಉಳಿಯುತ್ತದೆ, ಎರಡನೆಯವರು ಕೇಳಿದಾಗ ಮತ್ತೆ ಲೆಕ್ಕವಿಲ್ಲ, ಸಿದ್ಧ ಉತ್ತರ, ಎರಡನೆಯವರು ನನಗೆ ಬೇಡವಾಗಿತ್ತು ಎಂದರೆ ಗಂಟು ಕೇಳಿಸಿಕೊಳ್ಳುವುದಿಲ್ಲ, ಅದು ಆಗಲೇ ಗಂಟೇ ಅಲ್ಲ. ನಾನು ಬೇಡ ಎಂದೆ, ಎಷ್ಟು ವರ್ಷದಿಂದ ಎನ್ನುತ್ತಿದ್ದೇನೆ, ನನಗೆ ಮಕ್ಕಳಿಲ್ಲ, ಬೇಕು ಎಂದು ನನ್ನಿಂದ ಉತ್ತರ ಕೇಳುವವರಿಲ್ಲ, ಕೇಳುವವರಿಲ್ಲದ ಲೆಕ್ಕವನ್ನು ಹಾಕದೇ ಇರುವುದೇ ಲಾಭ, ಹಾಕದಿದ್ದರೆ ಅದು ಇಲ್ಲವೂ ಅಲ್ಲ ಇದೆಯೂ ಅಲ್ಲ, ಅಕ್ಕನೂ ಇಷ್ಟು ದಿನ ಹೂಂ ಎನ್ನುತ್ತಿದ್ದಳು, ಅಪ್ಪನಿಗೆ ದಾರ ತಪ್ಪಲು ಶುರುವಾದ ವಯಸ್ಸನ್ನು ಇಬ್ಬರೂ ಹೋದ ವರ್ಷ ದಾಟಿದೆವು, ದಾಟಿದ್ದನ್ನು ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ.

ಕೇಳಿದವಳು ಅಕ್ಕನ ಮಗಳು. ಹಲ್ಲಿನ ಡಾಕ್ಟರಾಗುವ ಕಾಲೇಜಿಗೆ ಸೇರಲು ಕರೆ ಬಂದಿದೆ, ಸೇರಬೇಕು, ಸೇರಲು ಹೊರಟವಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳಂತೆ, ಅಮ್ಮ, ಈ ಕೈ ನಂಬ್ಕೊಂಡು ಇದನ್ನ ಓದ್ಲಾ, ಬೇರೆ ಏನಾದ್ರೂ ಓದ್ಲಾ, ನಿಂಗಿಲ್ಲ ಅಂದ್ರೆ ನಂಗೂ ಇಲ್ಲ, ಅಲ್ಲಿಗೆ ಮುಗೀತು, ಅಷ್ಟೇ, ಅಳಲಿಲ್ಲ, ಪಾತ್ರೆ ಒರೆಸುತ್ತಾ ಕೇಳಿದಳಂತೆ, ಅಕ್ಕ ಮರುದಿನವೇ ಹೋಗಿ ರಕ್ತ ಕೊಟ್ಟು ಬಂದಳು, ಬಂದು ನನಗೆ ಹೇಳಿದಳು, ನನಗೆ ಬಂದದ್ದು ಸಿಟ್ಟು, ನಿನ್ನದಷ್ಟೇ ಅಲ್ಲ ಅದು ಎಂದೆ, ಗೊತ್ತು ಬಾಲ ಎಂದಳು, ಬೇಡ ಅನ್ನುವ ಹಕ್ಕು ನನಗೆ ಇಲ್ಲವಾ ಎಂದೆ, ಇದೆ ಎಂದಳು, ಅವಳಿಗೆ ಕೇಳುವ ಹಕ್ಕೂ ಇದೆ ಎಂದಳು, ಬೇಕಾದವರು ಬಂದು ನಿಂತಾಗ ಬಿಚ್ಚಬೇಕು ಎನ್ನುವುದು ನಾನೇ ಹೇಳಿಕೊಂಡು ಬಂದ ಧರ್ಮ, ನನ್ನ ಬುಡಕ್ಕೇ ಬಂತು. ಒಪ್ಪಂದ ಮಾಡಿಕೊಂಡೆವು, ಉತ್ತರ ಬಂದಿದೆ, ಕೇಳಿದ ದಿನ ಹೇಳುತ್ತೇವೆ ಎಂದು ಕ್ಲಿನಿಕ್ಕಿನವರು ಹೇಳಿದ ಮೇಲೆ, ಅವಳು ಹೋಗಿ ಕೇಳುತ್ತಾಳೆ, ಮಗಳಿಗೆ ಹೇಳುತ್ತಾಳೆ, ನನಗೆ ಹೇಳುವುದಿಲ್ಲ, ಅಷ್ಟೇ ಸಾಲದು ಎಂದೆ ನಾನು, ನಿನ್ನ ಮುಖ ನನ್ನ ಮುಖ, ನೋಡಿದರೆ ಗೊತ್ತಾಗುತ್ತದೆ, ಕೇಳಿದ ಮೇಲೆ ಒಂದಷ್ಟು ದಿನ ನನ್ನ ಕಣ್ಣಿಗೆ ಬೀಳಬೇಡ, ಫೋನೂ ಬೇಡ, ಸರಿ ಎಂದಳು, ಬಾಯಿ ಬಿಡಲ್ಲ, ಆಣೆ, ಸೀದಾ ಮನೆಗೆ ಹೋಗ್ತೀನಿ ಎಂದಳು. ಬಾಗಿಲ ತನಕ ಹೋಗಿ ತಿರುಗಿ, ಊಟ ಮಾಡಿದ್ಯಾ ಎಂದು ಕೇಳಿದಳು.

ಮೇಷ್ಟ್ರು ಒಂದು ಪ್ರಶ್ನೆ ಇಟ್ಟುಕೊಂಡು ಕೂತಿದ್ದಾರೆ, ಹಾಗಾದ್ರೆ ಎಲ್ಲಾನೂ ಮ್ಯಾಕ್ರೋನೇ ಮಾಡಿಬಿಡಬಹುದಿತ್ತಲ್ಲ, ಫಂಕ್ಷನ್ ಯಾಕೆ, ಒಳ್ಳೆಯ ಪ್ರಶ್ನೆ, ಮೇಷ್ಟ್ರಾಗಿದ್ದವರು ಒಳ್ಳೆಯ ಪ್ರಶ್ನೆ ಕೇಳಿಯೇ ತೀರುತ್ತಾರೆ, ಮ್ಯಾಕ್ರೋವನ್ನು ಕೈಯಲ್ಲಿ ಹಿಡಿದು ಇನ್ನೊಬ್ಬರಿಗೆ ಕೊಡಲು ಆಗುವುದಿಲ್ಲ ಮೇಷ್ಟ್ರೇ, ಅದು ಪ್ರೋಗ್ರಾಮು ಓಡುವ ಮೊದಲೇ ತನ್ನ ಕೆಲಸ ಮುಗಿಸಿ ಹೋಗಿಬಿಡುತ್ತದೆ, ಬೇಲಿಯ ಈಚೆಯದ್ದು, ಫಂಕ್ಷನ್ ಆಚೆಯದ್ದು, ಅದನ್ನು ಸಾಲಿನಲ್ಲಿ ಇಡಬಹುದು, ದೂರದ ಯಂತ್ರಕ್ಕೆ ಕಳಿಸಬಹುದು, ನಾಳೆ ತಪ್ಪು ಕಂಡರೆ ಒಂದೇ ಕಡೆ ತಿದ್ದಬಹುದು, ಅದಕ್ಕೇ ಕಟ್ಟುವವನು ಬೇರೆ, ಬಿಚ್ಚುವವನು ಬೇರೆ, ಕಟ್ಟುವವನು ತೆಳ್ಳಗಿರಬೇಕು, ಕಟ್ಟಿ ಸುಮ್ಮನಾಗಬೇಕು, ಒಳಗೇನಿದೆ ಎಂದು ಇಣುಕಬಾರದು, ಬಿಚ್ಚುವವನಿಗೆ ಬುದ್ಧಿ ಇರಬೇಕು, ಯಾವುದನ್ನು, ಯಾವಾಗ, ಎಷ್ಟು ಸಲ — ಬರೆಯುತ್ತಾ ಹೋದೆ, ಕಟ್ಟು ವಾಪಸು ಬಂತು, ಬಿಚ್ಚು ಅದರ ಕೆಳಗೆ, ಒಮ್ಮೆ ಬಿಚ್ಚಿದ್ದನ್ನು ಮತ್ತೆ ಬಿಚ್ಚದ ಹಾಗೆ ಒಂದು ಗುರುತು, ನೀರು ಎರಡು ಸಲ ಬೀಳಬಾರದು, ಟಕ್, ಮೇಷ್ಟ್ರು ಗುಂಡಿಯ ಕಡೆ ನೋಡಿ ಸಂಕೋಚದಿಂದ ಬೇರೆ ಕಡೆ ನೋಡಿದರು, ಸರಿಯಿಲ್ಲದ್ದನ್ನು ನೋಡಿ ಸುಮ್ಮನಿರುವುದು ಅವರಿಗೆ ಹಿಂಸೆ, ಇನ್ನೊಂದು ಕೇಳ್ಲಾ ಮೇಡಂ, ಬಿಚ್ಚದೇನೇ ಒಳಗೆ ಏನಿದೆ ಅಂತ ಒಂಚೂರು ನೋಡಕ್ಕಾಗಲ್ವಾ. ಆಗಲ್ಲ ಎಂದೆ, ನೋಡುವುದೇ ಬಿಚ್ಚುವುದು, ಬಿಚ್ಚಿದ್ದಾರೋ ಇಲ್ಲವೋ ಎಂದು ಮಾತ್ರ ಕೇಳಬಹುದು, ಅಷ್ಟಕ್ಕೆ ಗಂಟು ಹೌದು ಅಥವಾ ಇಲ್ಲ ಎನ್ನುತ್ತದೆ, ಒಳಗಿನದ್ದು ಹೇಳುವುದಿಲ್ಲ. ಗೋಡೆಯ ಮೇಲೆ ಮುಳ್ಳು ಮೂರು ದಾಟಿತ್ತು, ಬಿಚ್ಚಿಯಾಗಿತ್ತು.

ಬಿಚ್ಚಿಯಾಗಿದೆ ಎಂದರೆ ಈಗ ಈ ಊರಿನಲ್ಲಿ ನನ್ನ ಮೈಯ ಬಗ್ಗೆ ಇಬ್ಬರಿಗೆ ಗೊತ್ತು, ನನಗೆ ಗೊತ್ತಿಲ್ಲ, ಒಬ್ಬಳು ಕ್ಲಿನಿಕ್ಕಿನ ಸಲಹೆಗಾರ್ತಿ, ಅವಳ ಮೇಜಿನ ಮೇಲೆ ಕಾಗದದ ಕರವಸ್ತ್ರದ ಡಬ್ಬಿ ಇರುತ್ತದೆ ಎಂದು ಅಕ್ಕ ಹೇಳಿದ್ದಳು, ಡಬ್ಬಿ ನೋಡಿದರೆ ಅಳು ಬರದವರಿಗೂ ಬರಬೇಕು ಹಾಗಿಟ್ಟಿದ್ದಾರೆ ಎಂದು ನಕ್ಕಿದ್ದಳು, ಇನ್ನೊಬ್ಬಳು ಅಕ್ಕ, ಈಗ ಮೆಟ್ಟಿಲು ಇಳಿಯುತ್ತಿರಬಹುದು, ಬಲಗೈಯಲ್ಲಿ ಚೀಲ, ಅವಳು ಯಾವಾಗಲೂ ಬಲಗೈಯಲ್ಲೇ ಹಿಡಿಯುವುದು, ಎಡಗೈಯಲ್ಲಿ ಹಿಡಿದಿದ್ದರೆ, ಬೇಡ, ಇಣುಕಬಾರದು, ಕಟ್ಟುವವಳು ನಾನು, ಕಟ್ಟಿ ಸುಮ್ಮನಿರಬೇಕು — ಸುಮ್ಮನಿದ್ದೇನೆಯೇ, ಮೇಜಿನ ಕೆಳಗಿನ ಡ್ರಾಯರು ಮೊಣಕಾಲಿಗೆ ತಾಗುತ್ತದೆ, ಅದರಲ್ಲಿ ಒಂದು ಸೂಜಿ, ಒಂದು ಬಿಳಿ ದಾರದ ರೀಲು, ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ, ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುತ್ತೇನೆ, ಶ್ರದ್ಧೆ ಎಂದು ಗಡಿಯಾರ ಮೀಟಿಂಗಿನಲ್ಲಿ ಹೊಗಳಿದ, ನಾನು ಬರುವುದು ದಾರ ಪೋಣಿಸಲು, ತುದಿ ಒದ್ದೆ ಮಾಡುತ್ತೇನೆ, ತಿರುವುತ್ತೇನೆ, ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ, ಹೋಯಿತು, ಸರಿ, ದಾರ ಎಳೆದು ಬಿಸಾಕಿ ಡ್ರಾಯರು ಮುಚ್ಚುತ್ತೇನೆ, ಕಂಪ್ಯೂಟರು ಹಚ್ಚುತ್ತೇನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕಳ್ಳ ಎಂದು ಯಾರೂ ಅನ್ನದೇ ಇದ್ದರೂ ದಿನಾ ಹೆಗಲು ಮುಟ್ಟುವವಳು, ಗಂಟು ಬಿಚ್ಚಬಾರದು ಎಂದು ಊರಿಗೆಲ್ಲ ಉಪದೇಶ ಹೇಳಿ ತಾನು ಮಾತ್ರ ಮೂಲೆಯಲ್ಲಿ ಒಂದು ಎಳೆ ಎಳೆದು ನೋಡುವವಳು, ಅಕ್ಕನನ್ನು ಆತುರಗಾರ್ತಿ ಎಂದು ಬೈದೆನಲ್ಲ, ಅವಳು ಒಂದೇ ಸಲ ಕೇಳಿದಳು, ನಾನು ದಿನಾ. ಇವತ್ತೂ ಹೋಯಿತು ದಾರ, ಮೊದಲ ಸಲಕ್ಕೇ ಹೋಯಿತು, ಗುಂಡಿ ಹೊಲಿಯಲು ಮಾತ್ರ ಅದನ್ನು ಬಳಸಬೇಕೆಂದು ಹೊಳೆಯಲಿಲ್ಲ.

ಮೇಷ್ಟ್ರು ಪರೀಕ್ಷೆ ಓಡಿಸಿದರು, ಈ ಸಲ ಅಕ್ಷರ ಅಲ್ಲ, ಮೇಜಿನ ಮೇಲೆ ಎರಡು ನಿಜವಾದ ದೀಪ ಇಟ್ಟು, ನೀರಿಗೊಂದು ಫೋನಿಗೊಂದು, ಅನುಮಾನ ಎಂದಾಗ ಒಂದೇ ದೀಪ ಹತ್ತಿತು, ಇನ್ನೊಂದು ಹತ್ತಲಿಲ್ಲ, ಮೇಷ್ಟ್ರು ಆ ಹತ್ತದ ದೀಪವನ್ನೇ ನೋಡುತ್ತ ಕೂತರು, ಹತ್ತದ ದೀಪವನ್ನು ಅಷ್ಟು ಸಂತೋಷದಿಂದ ನೋಡಿದವರನ್ನು ನಾನು ಕಂಡಿಲ್ಲ, ಕೊನೆಗೂ ನೀರು ಕುಡಿದರು, ಗಡಿಯಾರ ಬಂದ, ಆಯ್ತಾ, ಆಯ್ತು, ಇಷ್ಟು ಬೇಗ ಆಗತ್ತೆ ಅಂತ ಮೊದಲೇ ಹೇಳ್ಬೇಕಿತ್ತು ಎಂದ, ಮೊದಲೇ ಗೊತ್ತಿರಲಿಲ್ಲ ಎಂದೆ. ಆಗ ಮುಂಬಾಗಿಲಿನ ರಿಸೆಪ್ಷನ್ನಿನವಳು ಫೋನು ಮಾಡಿದಳು, ಮೇಡಂ, ಇಲ್ಲಿ ಒಬ್ರು ಬಂದಿದ್ದಾರೆ, ನೀವೇ ಎದುರಿಗೆ ನಿಂತ ಹಾಗಿದೆ, ನಂಗೆ ಎರಡು ಸಲ ಕಣ್ಣುಜ್ಜಿಕೊಳ್ಳೋ ಹಾಗಾಯ್ತು, ಅವಳು ನಗುತ್ತಿದ್ದಳು, ಒಳಗೆ ಕಳಿಸ್ಲಾ. ಬೇಡ ಎನ್ನಬಹುದಿತ್ತು, ಕೆಲಸದಲ್ಲಿದ್ದಾರೆ ಎಂದು ಹೇಳಿ ಎನ್ನಬಹುದಿತ್ತು, ಸೀದಾ ಮನೆಗೆ ಹೋಗುತ್ತೇನೆ ಎಂದವಳು ಇಲ್ಲಿಗೆ ಬಂದಿದ್ದಾಳೆ ಎಂದರೆ ಮನೆಗೆ ಹೋಗಲು ಕಾಲು ಬಂದಿಲ್ಲ, ಅಥವಾ ಖುಷಿ ತಡೆಯಲಾಗದೆ ಬಂದಿದ್ದಾಳೆ, ಖುಷಿಯಾದರೂ ಬರುತ್ತಾಳೆ, ಅವಳು ಅಂಥವಳೇ, ಎರಡರಲ್ಲಿ ಒಂದು, ಎರಡೂ ಅಲ್ಲ, ಕಳಿಸಿ ಎಂದಿತು ಬಾಯಿ. ಮೇಷ್ಟ್ರು ಎದ್ದು ಕುರ್ಚಿಯನ್ನು ಮೇಜಿಗೆ ಸರಿಯಾಗಿ ಹೊಂದಿಸಿಟ್ಟು ಹೋದರು.

ಮುಖ ನೋಡಲಿಲ್ಲ, ಚಪ್ಪಲಿ ನೋಡಿದೆ, ಚೀಲ ನೋಡಿದೆ, ಬಲಗೈಯಲ್ಲೇ ಇತ್ತು, ಅವಳು ಮೇಷ್ಟ್ರ ಕುರ್ಚಿಯಲ್ಲಿ ಕೂತಳು, ನಾನು ಏನೂ ಹೇಳಲ್ಲ ಎಂದಳು, ಸುಮ್ನೆ ಬಂದೆ, ಮನೆಗೆ ಹೋಗೋಕೆ ಮುಂಚೆ ಸ್ವಲ್ಪ ಕೂತ್ಕೋತೀನಿ, ದನಿ ಮಾಮೂಲಿನದ್ದು, ನನ್ನದೇ ದನಿ, ಅದರಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ, ಕಿಟಕಿಯಾಚೆ ನೋಡಿದಳು, ಅಷ್ಟು ದೂರದ ತಿರುವಿನಲ್ಲಿ ಬರುತ್ತಿದ್ದ ಬಸ್ಸಿನ ಬೋರ್ಡು ಓದಿ, ನನ್ನದಲ್ಲ, ಮುಂದಿನದು ಎಂದಳು, ಮಗಳಿಗೆ ಇನ್ನೂ ಫೋನು ಮಾಡಿಲ್ಲ ಎಂದಳು, ಸಂಜೆ ಮುಖ ನೋಡಿ ಹೇಳ್ತೀನಿ ಎಂದಳು, ಇದರಲ್ಲೂ ಏನೂ ಇಲ್ಲ, ಎರಡು ಕಡೆಗೂ ಸರಿಹೋಗುವ ಮಾತು, ನಾನು ಒಂದೊಂದನ್ನೇ ತೂಗಿ ಪಕ್ಕಕ್ಕಿಡುತ್ತಿದ್ದೆ. ಟಕ್. ಏನೇ ಬಾಲ, ಗುಂಡಿ ಬೀಳ್ತಿದೆ ಎಂದಳು, ಅಪ್ಪ ನೋಡಿದ್ರೆ ಅಂಗಡಿ ಮರ್ಯಾದೆ ಹೋಯ್ತು ಅಂತಿದ್ರು, ತೆಗಿ ಸ್ವೆಟರ್, ಸೂಜಿ ದಾರ ಇದ್ಯಾ, ನಾನು ಹೇಳುವ ಮೊದಲೇ ಕೈ ಡ್ರಾಯರಿನತ್ತ ಹೋಗಿ ಅರ್ಧಕ್ಕೆ ನಿಂತಿತು, ಅವಳೇ ಎಳೆದಳು, ಸೂಜಿ, ರೀಲು, ಮೂಲೆಯಲ್ಲಿ ಎಸೆಯಲು ಮರೆತ ದಾರದ ತುಂಡುಗಳು, ಎಲ್ಲ ಗಿಡ್ಡ, ಎಲ್ಲ ಬಿಳಿ, ಒಂದು ಹಿಡಿಯಾಗುವಷ್ಟು, ಅವಳು ಅದನ್ನು ಸ್ವಲ್ಪ ಹೊತ್ತು ನೋಡಿದಳು, ದರ್ಜಿಯ ಮಗಳು, ಆ ತುಂಡುಗಳು ಯಾವ ಹೊಲಿಗೆಯದ್ದೂ ಅಲ್ಲ ಎಂದು ಗೊತ್ತಾಗದೆ ಇರುತ್ತದೆಯೇ, ದಿನಾನಾ ಎಂದಳು, ಹೂಂ ಎಂದೆ, ನನ್ನ ಮೊಣಕೈಯನ್ನು ಒಮ್ಮೆ ಹಿಡಿದು ಬಿಟ್ಟಳು. ಸ್ವೆಟರನ್ನು ತೊಡೆಯ ಮೇಲೆ ಹಾಸಿಕೊಂಡಳು, ರೀಲಿನಿಂದ ದಾರ ಎಳೆದು ಹಲ್ಲಲ್ಲಿ ಕಡಿದಳು, ತುದಿಯನ್ನು ನಾಲಿಗೆಗೆ ತಾಗಿಸಿದಳು, ಎರಡು ಬೆರಳಲ್ಲಿ ತಿರುವಿದಳು, ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಬಿಸಿಲು ಸೂಜಿಯ ಮೇಲೆ ಬಿತ್ತು, ದಾರ ಹತ್ತಿರ ಹೋಯಿತು, ಹತ್ತಿರ ಹೋಗಿ ನಿಂತಿತು, ಅವಳು ಕೈ ಇಳಿಸಿದಳು, ಸೂಜಿಯನ್ನೂ ದಾರವನ್ನೂ ನನ್ನ ಕಡೆ ಚಾಚಿದಳು, ನೀನೇ ಪೋಣಿಸು, ನಂಗೆ ಕಣ್ಣು ಮಂಜು — ಬೇಕೆಂದೇ ಅಂದಳೋ, ಬಾಯಿ ತಪ್ಪಿ ಬಂತೋ, ಆಣೆ ಮುರಿಯದೆ ಹೇಳುವ ದಾರಿ ಇದೊಂದೇ ಇತ್ತೋ, ಆಗ ಮುಖ ನೋಡಿದೆ, ಕಣ್ಣಲ್ಲಿ ನೀರಿರಲಿಲ್ಲ, ಮಂಜೂ ಇರಲಿಲ್ಲ, ಈಗಷ್ಟೇ ತಿರುವಿನ ಬಸ್ಸಿನ ಬೋರ್ಡು ಓದಿದ ಕಣ್ಣು, ಸೂಜಿ ನನ್ನ ಕೈಗೆ ಬಂದಿದೆ, ತಣ್ಣಗಿದೆ, ದಾರ ಅವಳ ಎಂಜಲಿನಿಂದ ಇನ್ನೂ ಒದ್ದೆ, ಬೆಳಿಗ್ಗೆ ಮೊದಲ ಸಲಕ್ಕೇ ಹೋಗಿತ್ತಲ್ಲ, ಈಗಲೂ ಹೋಗುತ್ತದೆ, ಯಾಕೆ ಹೋಗುವುದಿಲ್ಲ, ಬೆಳಕಿದೆ, ಹೊತ್ತಿದೆ, ಅಕ್ಕ ನೋಡುತ್ತಿದ್ದಾಳೆ, ಸೂಜಿಯ ಕಣ್ಣು, ದಾರದ ತುದಿ, ಅಪ್ಪ ಚಾಚಿದ ಕೈ, ಸೂಜಿಯ ಕಣ್ಣು, ಅದರ ಮುಂದೆ ದಾರದ ಒದ್ದೆ ತುದಿ, ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ, ದಾರದ ಒದ್ದೆ ತುದಿ